ಪ್ಯಾಕೇಜ್ ಮಾತು ಬಿಡಿ, ಕೈಗೆ ಎಷ್ಟು ಬರುತ್ತೆ ಹೇಳಿ

ಡಿಗ್ರಿ ರಿಸಲ್ಟ್ ಬಂತು ಅಂದರೆ ಸಾಕು, ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಸೈಟಿನ ತಕರಾರು, ಅತ್ತೆ-ಸೊಸೆ ಜಗಳ ಎಲ್ಲ ಹಿಂದೆ ಬೀಳುತ್ತವೆ. ಎಲ್ಲರದ್ದೂ ಒಂದೇ ಪ್ರಶ್ನೆ: ಈ ಡಿಗ್ರಿಗೆ ಸಂಬಳ ಎಷ್ಟು? ಈ ಸಂಚಿಕೆಯನ್ನು ಅದಕ್ಕೇ ಬಿಟ್ಟುಕೊಟ್ಟಿದ್ದೇನೆ.

ಹೊಸ ಓದುಗರಿಗೆ ನನ್ನ ಪರಿಚಯ ಎರಡು ಮಾತಿನಲ್ಲಿ. ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳ ಸರ್ಕಾರಿ ಕಾಲೇಜುಗಳಲ್ಲಿ ಕಾಮರ್ಸ್ ಪಾಠ ಹೇಳಿ ನಿವೃತ್ತಳಾದವಳು ನಾನು. ಎಂ.ಕಾಂ. ಓದಿದ್ದು ತೋಳಹುಣಸೆಯ ಶಿವಗಂಗೋತ್ರಿಯಲ್ಲಿ. ಆಗ ಅದು ಮೈಸೂರು ವಿಶ್ವವಿದ್ಯಾಲಯದ ಪಿಜಿ ಸೆಂಟರ್. 1987ರಲ್ಲಿ ಕುವೆಂಪು ವಿಶ್ವವಿದ್ಯಾಲಯ ಹುಟ್ಟಿದಾಗ ಅದರ ಪಾಲಾಯಿತು. 2009ರಲ್ಲಿ ಅದೇ ಜಾಗ ದಾವಣಗೆರೆ ವಿಶ್ವವಿದ್ಯಾಲಯವಾಯಿತು. ಎರಡೂ ಜಿಲ್ಲೆಗಳ ಡಿಗ್ರಿ ಕಾಲೇಜುಗಳು ಈಗ ಅದರ ವ್ಯಾಪ್ತಿಗೆ ಬರುತ್ತವೆ. ಹಾಗಾಗಿ ಇವತ್ತು ಪತ್ರ ಬರೆದವರಲ್ಲಿ ಹೆಚ್ಚಿನವರು ಒಂದೇ ಯೂನಿವರ್ಸಿಟಿಯ ಮಕ್ಕಳು. ಅವರ ಅಪ್ಪ-ಅಮ್ಮಂದಿರೂ ಇದ್ದಾರೆ.

ಪ್ರಶ್ನೆ: ನಾನು ಜಗಳೂರು ತಾಲ್ಲೂಕಿನ ರೈತ. ಮೆಕ್ಕೆಜೋಳ ಬೆಳೆಯುತ್ತೇವೆ. ಮಗಳಿಗೆ ಪಿಯುಸಿಯಲ್ಲಿ 84 ಪರ್ಸೆಂಟ್ ಬಂದಿದೆ. ಸರ್ಕಾರಿ ಕಾಲೇಜಿನಲ್ಲಿ ಬಿ.ಕಾಂ. ಸೀಟು ಸಿಗುತ್ತದೆ. ಬೆಂಗಳೂರಿನ ಒಂದು ಖಾಸಗಿ ಕಾಲೇಜಿನವರು ಬಿಬಿಎಗೆ ವರ್ಷಕ್ಕೆ ಒಂದೂವರೆ ಲಕ್ಷ ಕೇಳುತ್ತಿದ್ದಾರೆ. 'ಆವರೇಜ್ ಪ್ಯಾಕೇಜ್ 6 ಲಕ್ಷ' ಎಂದು ಅವರ ಪುಸ್ತಕದಲ್ಲಿ ಹಾಕಿದ್ದಾರೆ. ಸಾಲ ಮಾಡಿ ಸೇರಿಸಲೇ?

ಉತ್ತರ: ಆ 6 ಲಕ್ಷ ಸುಳ್ಳು ಇರಲಿಕ್ಕಿಲ್ಲ. ಆದರೆ ಅದು ನಿಮ್ಮ ಮಗಳಿಗೆ ಸಿಗುವ ಸಂಬಳ ಅಲ್ಲ. ಹೇಗೆ ಅಂತ ನೋಡಿ. ಹತ್ತು ಜನಕ್ಕೆ ಕೆಲಸ ಸಿಕ್ಕಿತು ಅನ್ನಿ. ಇಬ್ಬರಿಗೆ ವರ್ಷಕ್ಕೆ 20 ಲಕ್ಷ, ಉಳಿದ ಎಂಟು ಜನಕ್ಕೆ ತಲಾ ಎರಡೂವರೆ ಲಕ್ಷ. ಒಟ್ಟು 60 ಲಕ್ಷ. ಹತ್ತರಿಂದ ಭಾಗಿಸಿ. ಸರಿಯಾಗಿ 6 ಲಕ್ಷ ಬಂತು, ಅಲ್ವಾ? ಆದರೆ ಆ ಹತ್ತು ಜನರಲ್ಲಿ ಒಬ್ಬರಿಗೂ 6 ಲಕ್ಷ ಇಲ್ಲ.

ಅದಕ್ಕೇ ಆವರೇಜ್ ಕೇಳಬೇಡಿ, ಮೀಡಿಯನ್ ಕೇಳಿ. ಎಲ್ಲರನ್ನೂ ಸಂಬಳದ ಪ್ರಕಾರ ಸಾಲಾಗಿ ನಿಲ್ಲಿಸಿದರೆ ನಟ್ಟನಡುವೆ ನಿಂತವರ ಸಂಬಳ ಅದು. ಮೇಲಿನ ಲೆಕ್ಕದಲ್ಲಿ ಎರಡೂವರೆ ಲಕ್ಷ. ಆಮೇಲೆ ಇನ್ನೊಂದು ಮಾತು ಕೇಳಿ: ಹತ್ತು ಜನಕ್ಕೆ ಕೆಲಸ ಸಿಕ್ಕಿದ್ದು ಎಷ್ಟು ಜನರಲ್ಲಿ? ಹನ್ನೆರಡರಲ್ಲೋ, ಇನ್ನೂರರಲ್ಲೋ? ಕೆಲಸ ಸಿಗದವರ ಸೊನ್ನೆಯನ್ನು ಯಾವ ಕಾಲೇಜೂ ಆವರೇಜಿಗೆ ಸೇರಿಸುವುದಿಲ್ಲ.

ಈ ಲೆಕ್ಕ ಸಿಗುವ ಜಾಗವೂ ಇದೆ. ಕೇಂದ್ರ ಸರ್ಕಾರದ ಎನ್‌ಐಆರ್‌ಎಫ್ ರ‍್ಯಾಂಕಿಂಗ್‌ಗೆ ಅರ್ಜಿ ಹಾಕುವ ಕಾಲೇಜು, ಯೂನಿವರ್ಸಿಟಿಗಳು ಒಂದು ಮಾಹಿತಿ ಪಟ್ಟಿಯನ್ನು ತಮ್ಮ ವೆಬ್‌ಸೈಟಿನಲ್ಲಿ ಹಾಕಬೇಕು. ಅದರಲ್ಲಿ ಸೇರಿದವರು ಎಷ್ಟು, ಸರಿಯಾದ ಸಮಯಕ್ಕೆ ಪಾಸಾದವರು ಎಷ್ಟು, ಕೆಲಸ ಸಿಕ್ಕಿದವರು ಎಷ್ಟು, ಅವರ ಮೀಡಿಯನ್ ಸಂಬಳ ಎಷ್ಟು, ಮುಂದೆ ಓದಲು ಹೋದವರು ಎಷ್ಟು, ಎಲ್ಲ ಸಾಲು ಸಾಲಾಗಿ ಇರುತ್ತದೆ. ಮೂರು ವರ್ಷದ ಡಿಗ್ರಿಗೆ ಬೇರೆ, ಎರಡು ವರ್ಷದ ಪಿಜಿಗೆ ಬೇರೆ. ಮಗಳಿಗೆ ಮೊಬೈಲಿನಲ್ಲಿ ಹುಡುಕಲು ಹೇಳಿ. ಪಟ್ಟಿ ಸಿಗಲಿಲ್ಲವೆಂದರೆ ಕಾಲೇಜಿಗೇ ಫೋನ್ ಮಾಡಿ ಕೇಳಲಿ. ಅವರು ಮಾತು ಹಾರಿಸಿದರೆ ನಿಮಗೆ ಅರ್ಧ ಉತ್ತರ ಸಿಕ್ಕ ಹಾಗೆ. ಸರ್ಕಾರಿ ಕಾಲೇಜಾದರೆ 10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಕೇಳಬಹುದು. 30 ದಿನದೊಳಗೆ ಉತ್ತರ ಕೊಡಬೇಕು. 2005ರ ಕಾಯ್ದೆ ಅದು. ನಮ್ಮ ಜನ ಅದನ್ನು ರಸ್ತೆ, ಚರಂಡಿಗೆ ಬಳಸಿದಷ್ಟು ಕಾಲೇಜಿಗೆ ಬಳಸುವುದಿಲ್ಲ.

ಈಗ ಸಾಲದ ಮಾತು. ಮೂರು ವರ್ಷಕ್ಕೆ ನಾಲ್ಕೂವರೆ ಲಕ್ಷ ಫೀಸು. ಹಾಸ್ಟೆಲ್, ಊಟ ಬೇರೆ. ಬರೀ ಫೀಸಿನ ನಾಲ್ಕೂವರೆ ಲಕ್ಷವನ್ನು 10 ಪರ್ಸೆಂಟ್ ಬಡ್ಡಿಯಲ್ಲಿ ಏಳು ವರ್ಷಕ್ಕೆ ತೀರಿಸುವುದಾದರೆ ತಿಂಗಳ ಕಂತು ಸುಮಾರು 7,500 ರೂಪಾಯಿ. ಎರಡೂವರೆ ಲಕ್ಷದ ಪ್ಯಾಕೇಜಿನಲ್ಲಿ ಕೈಗೆ ಬರುವುದು ತಿಂಗಳಿಗೆ 16-17 ಸಾವಿರ. ಹತ್ತಿರ ಹತ್ತಿರ ಅರ್ಧ ಸಂಬಳ ಬ್ಯಾಂಕಿಗೇ ಹೋಯಿತು. ಉಳಿದದ್ದರಲ್ಲಿ ಬೆಂಗಳೂರಿನಲ್ಲಿ ಇರಬೇಕು.

ಸರ್ಕಾರಿ ಕಾಲೇಜಿನಲ್ಲಿ ಎಲ್ಲ ಚೆನ್ನಾಗಿದೆ ಎಂದು ನಾನು ಹೇಳುವುದಿಲ್ಲ. ಅಲ್ಲೇ ಇದ್ದವಳು. ಕ್ಯಾಂಪಸ್ ಇಂಟರ್‌ವ್ಯೂಗೆ ಕಂಪನಿಗಳು ಬರುವುದು ಕಡಿಮೆ. ಇಂಗ್ಲಿಷಿನಲ್ಲಿ ನಾಲ್ಕು ಮಾತು ಆಡಿಸುವವರು ಇರುವುದಿಲ್ಲ. ಆದರೆ ಫೀಸು ಬಹಳ ಕಡಿಮೆ. ಓಡಾಟಕ್ಕೆ 2023ರಿಂದ ಶಕ್ತಿ ಬಸ್ಸು ಇದೆ. ಉಳಿಯುವ ದುಡ್ಡಿನಲ್ಲಿ ಒಂದು ಪುಟ್ಟ ಭಾಗವನ್ನು ಮಗಳ ಟ್ಯಾಲಿ, ಎಕ್ಸೆಲ್, ಇಂಗ್ಲಿಷಿಗೆ ಹಾಕಿ. ಲೆಕ್ಕದಲ್ಲಿ ಅವಳಿಗೆ ಆಸಕ್ತಿ ಇದ್ದರೆ ಇನ್ನೊಂದು ದಾರಿಯೂ ಇದೆ. ಬಿ.ಕಾಂ.ನಲ್ಲಿ 55 ಪರ್ಸೆಂಟ್ ತೆಗೆದರೆ ಸಿಎ ಫೌಂಡೇಶನ್ ಪರೀಕ್ಷೆ ಬರೆಯದೆ ನೇರ ಇಂಟರ್‌ಮೀಡಿಯಟ್‌ಗೆ ಸೇರಬಹುದು. ಆರ್ಟಿಕಲ್‌ಶಿಪ್ಪನ್ನು (ಸಿಎ ಓದುವಾಗ ಆಡಿಟರ್ ಹತ್ತಿರ ಮಾಡುವ ತರಬೇತಿ) ದಾವಣಗೆರೆಯ ಆಡಿಟರ್ ಆಫೀಸಿನಲ್ಲೇ ಮಾಡಬಹುದು. ಕಷ್ಟದ ಓದು. ಎಷ್ಟೋ ಮಕ್ಕಳು ನಡುವೆ ಬಿಡುತ್ತಾರೆ. ಆದರೆ ಅರ್ಧಕ್ಕೆ ಬಿಟ್ಟವರಿಗೂ ಆಡಿಟರ್ ಆಫೀಸಿನಲ್ಲಿ ಕೆಲಸ ಸಿಗುತ್ತದೆ.

ನನ್ನ ಉತ್ತರ: ಸಾಲ ಬೇಡ.

ಪ್ರಶ್ನೆ: ಯುವನಿಧಿ ಹಣ ತಗೊಂಡರೆ ಮುಂದೆ ಸರ್ಕಾರಿ ಕೆಲಸಕ್ಕೆ ತೊಂದರೆ ಆಗುತ್ತಾ ಮೇಡಂ? (ಹೊನ್ನಾಳಿ)

ಉತ್ತರ: ಇಲ್ಲ. ಯಾರೋ ಸುಮ್ನೆ ಹೆದರಿಸಿದ್ದಾರೆ. ಡಿಗ್ರಿ ಮುಗಿಸಿ ಆರು ತಿಂಗಳಾದರೂ ಕೆಲಸ ಸಿಗದವರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500, ಹೆಚ್ಚೆಂದರೆ ಎರಡು ವರ್ಷ. ಮುಂದೆ ಓದುತ್ತಿದ್ದರೆ ಸಿಗುವುದಿಲ್ಲ. ಕೆಲಸ ಸಿಕ್ಕ ಮೇಲೆ ಹೇಳದೆ ತೆಗೆದುಕೊಳ್ಳುತ್ತಾ ಹೋದರೆ ಮಾತ್ರ ತೊಂದರೆ. ಅರ್ಜಿ ಶುಲ್ಕಕ್ಕೆ, ಪರೀಕ್ಷೆಗೆ ಹೋಗಿ ಬರುವ ಖರ್ಚಿಗೆ ಆ ದುಡ್ಡು ಸಾಕು. ತೆಗೆದುಕೊಳ್ಳಿ.

ಪ್ರಶ್ನೆ: ಬಿ.ಎಸ್ಸಿ. ಮುಗಿಸಿದ್ದೇನೆ, ಚಿತ್ರದುರ್ಗದವನು. ಬೆಂಗಳೂರಿನ ಕಂಪನಿಯಿಂದ 2.4 ಲಕ್ಷ ಸಿಟಿಸಿಯ ಆಫರ್ ಲೆಟರ್ ಬಂದಿದೆ. ಇಲ್ಲೇ ಒಂದು ಷೋರೂಮಿನಲ್ಲಿ 12 ಸಾವಿರ ಕೊಡುತ್ತೇವೆ ಅನ್ನುತ್ತಿದ್ದಾರೆ. 20 ಸಾವಿರ ಎಲ್ಲಿ, 12 ಸಾವಿರ ಎಲ್ಲಿ? ಆದರೂ ಅಮ್ಮ ಹೋಗಬೇಡ ಅನ್ನುತ್ತಾರೆ.

ಉತ್ತರ: ಮೊದಲು ಆ 20 ಸಾವಿರವನ್ನು ಬಿಚ್ಚಿ ನೋಡೋಣ. ಸಿಟಿಸಿ ಅಂದರೆ ನಿಮ್ಮ ಮೇಲೆ ಕಂಪನಿ ಮಾಡುವ ಒಟ್ಟು ಖರ್ಚು. ಅದು ನಿಮ್ಮ ಜೇಬಿಗೆ ಬರುವ ದುಡ್ಡು ಅಲ್ಲ. ಬೇಸಿಕ್ 12,000 ಎಂದು ಇಟ್ಟುಕೊಳ್ಳಿ. ಕಂಪನಿ ಕಟ್ಟುವ ಪಿಎಫ್ 12 ಪರ್ಸೆಂಟ್, ಅಂದರೆ 1,440. ಗ್ರಾಚ್ಯುಟಿ ಹೆಸರಿನಲ್ಲಿ 577. ಇಎಸ್‌ಐಗೆ (ನೌಕರರ ಆರೋಗ್ಯ ವಿಮೆ) ಕಂಪನಿಯ ಪಾಲು ಮೂರೂಕಾಲು ಪರ್ಸೆಂಟ್. ಇವೆಲ್ಲ ಹೋದರೆ ನಿಮ್ಮ ಗ್ರಾಸ್ ಸಂಬಳ ಸುಮಾರು 17,400. ಅದರಿಂದ ನಿಮ್ಮ ಪಾಲಿನ ಪಿಎಫ್ 1,440, ಇಎಸ್‌ಐ 130 ಕಳೆಯಿರಿ. ಬ್ಯಾಂಕಿಗೆ ಬೀಳುವುದು 15,800ರ ಆಸುಪಾಸು. 25 ಸಾವಿರದ ಒಳಗಿನ ಸಂಬಳಕ್ಕೆ ವೃತ್ತಿ ತೆರಿಗೆ ಇಲ್ಲ, ಅದೊಂದು ಉಳಿಯಿತು.

ಪಿಎಫ್ ಹೋಯಿತು ಎಂದು ಬೇಜಾರು ಬೇಡ. ಅದು ನಿಮ್ಮದೇ ದುಡ್ಡು. ಯುಎಎನ್, ಅಂದರೆ ನಿಮ್ಮ ಪಿಎಫ್‌ನ ಕಾಯಂ ನಂಬರ್, ಮೊದಲ ತಿಂಗಳೇ ಕೇಳಿ ಪಡೆಯಿರಿ. ಕೆಲಸ ಬದಲಿಸಿದರೂ ನಂಬರ್ ಅದೇ ಇರಬೇಕು. ಗ್ರಾಚ್ಯುಟಿ ಮಾತ್ರ ಬಹಳ ಹುಡುಗರಿಗೆ ಸಿಗುವುದೇ ಇಲ್ಲ. ಅದಕ್ಕೆ ಸಾಮಾನ್ಯವಾಗಿ ಐದು ವರ್ಷ ಆಗಬೇಕು, ಅಷ್ಟು ವರ್ಷ ಒಂದೇ ಕಡೆ ಯಾರು ಇರುತ್ತಾರೆ?

ಬೆಂಗಳೂರಿನಲ್ಲಿ ಮೂರು ಜನ ಇರುವ ಪೇಯಿಂಗ್ ಗೆಸ್ಟ್ ರೂಮು ಊಟ ಸೇರಿ 7-8 ಸಾವಿರ ಅಂತ ನನ್ನ ಅಣ್ಣನ ಮೊಮ್ಮಗ ಹೇಳುತ್ತಾನೆ. ಬಸ್ಸು, ಮೊಬೈಲ್, ಬಟ್ಟೆ, ಹಬ್ಬಕ್ಕೆ ಊರಿಗೆ ಬರುವುದು, ಇನ್ನೊಂದು 4-5 ಸಾವಿರ. ಉಳಿಯುವುದು ಮೂರು ಸಾವಿರ ಇದ್ದರೆ ನೀವು ಜಾಣರು. ಚಿತ್ರದುರ್ಗದಲ್ಲಿ 12 ಸಾವಿರದಲ್ಲಿ ಅಮ್ಮನ ಕೈಗೆ 5 ಸಾವಿರ ಕೊಟ್ಟರೂ ಅದಕ್ಕಿಂತ ಜಾಸ್ತಿ ಉಳಿಯುತ್ತದೆ.

ಇಷ್ಟು ಲೆಕ್ಕ ಹಾಕಿದ ಮೇಲೂ ನಾನು ಬೆಂಗಳೂರಿಗೆ ಹೋಗಿ ಅನ್ನುತ್ತೇನೆ. ಷರತ್ತು ಒಂದೇ. ಆಫರ್ ಲೆಟರಿನಲ್ಲಿ ಕೆಲಸದ ಹೆಸರು ಓದಿ. ಕ್ವಾಲಿಟಿ ಲ್ಯಾಬು, ಡೇಟಾ, ಟೆಸ್ಟಿಂಗ್, ಇನ್ಶೂರೆನ್ಸ್ ಕ್ಲೇಮು, ಇಂಥದ್ದೇನಾದರೂ ಇದ್ದರೆ ಎರಡು ವರ್ಷದಲ್ಲಿ ನಿಮಗೆ ಒಂದು ಕಸುಬು ಬರುತ್ತದೆ. ಮುಂದಿನ ಕಂಪನಿ ಆ ಕಸುಬಿಗೆ ದುಡ್ಡು ಕೊಡುತ್ತದೆ. ಬರೀ ಫೋನಿನಲ್ಲಿ ಕ್ರೆಡಿಟ್ ಕಾರ್ಡ್ ಮಾರುವುದಾದರೆ ಅದನ್ನು ದುರ್ಗದಲ್ಲೇ ಮಾರಬಹುದು. ಷೋರೂಮಿನಲ್ಲಿ ಮೊದಲ ವರ್ಷ 12 ಸಾವಿರ, ಐದನೇ ವರ್ಷ 16 ಸಾವಿರ. ಬುದ್ಧಿವಂತ ಹುಡುಗರು ಅಲ್ಲಿ ಸಿಕ್ಕಿಹಾಕಿಕೊಂಡಿರುವುದನ್ನು ನೋಡಿ ನೋಡಿ ಈ ಮಾತು ಹೇಳುತ್ತಿದ್ದೇನೆ.

ಅಮ್ಮನಿಗೆ ಹೇಳಿ, ಬೆಂಗಳೂರು ದುಬೈ ಏನಲ್ಲ. ರಾತ್ರಿ ಬಸ್ಸು ಹತ್ತಿದರೆ ಬೆಳಕು ಹರಿಯುವ ಮುಂಚೆ ಮನೆ.

ಪ್ರಶ್ನೆ: ಚನ್ನಗಿರಿಯವಳು. ಶಿವಗಂಗೋತ್ರಿಯಲ್ಲಿ ಕನ್ನಡ ಎಂ.ಎ. ಮಾಡಿದೆ. ಬಿ.ಇಡಿ. ಇಲ್ಲ. ಈಗ ಖಾಸಗಿ ಕಾಲೇಜಿನಲ್ಲಿ 11 ಸಾವಿರಕ್ಕೆ ಪಾಠ ಮಾಡುತ್ತಿದ್ದೇನೆ. ಏಪ್ರಿಲ್, ಮೇ ತಿಂಗಳ ಸಂಬಳ ಕೊಡುವುದಿಲ್ಲ. ಕನ್ನಡ ಓದಿದ್ದೇ ತಪ್ಪಾಯಿತಾ?

ಉತ್ತರ: ತಪ್ಪೇನಲ್ಲ. ಆದರೆ ಎಂ.ಎ. ಮುಗಿದ ಜಾಗದಲ್ಲೇ ನಿಂತಿದ್ದೀರಿ. ಕಲಾ ವಿಭಾಗದಲ್ಲಿ ಸಂಬಳ ಡಿಗ್ರಿಗೆ ಅಲ್ಲ, ಡಿಗ್ರಿಯ ಮೇಲಿನ ಒಂದು ಸರ್ಟಿಫಿಕೇಟಿಗೆ. ಹೇಗೆ ಅಂತ ನೋಡಿ.

ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ಅತಿಥಿ ಉಪನ್ಯಾಸಕರಿಗೆ 2022ರ ಜನವರಿಯಲ್ಲಿ ಗೌರವಧನ ಏರಿಸಿದರು. ಅದಕ್ಕೆ ಮುಂಚೆ 11 ಸಾವಿರ, 13 ಸಾವಿರ ಇತ್ತು. ಏರಿಸಿದ ಮೇಲೆ ನೆಟ್, ಸ್ಲೆಟ್ (ಕಾಲೇಜು ಉಪನ್ಯಾಸಕರ ಅರ್ಹತಾ ಪರೀಕ್ಷೆಗಳು) ಅಥವಾ ಪಿಎಚ್.ಡಿ. ಇದ್ದು ಐದು ವರ್ಷ ಪಾಠ ಮಾಡಿದವರಿಗೆ 32,000. ಅದಿಲ್ಲದೆ ಅಷ್ಟೇ ವರ್ಷ ಮಾಡಿದವರಿಗೆ 28,000. ಹೊಸಬರಿಗೆ 30,000 ಮತ್ತು 26,000. ಮತ್ತೆ ಆಮೇಲೂ ಏರಿದೆ. ಸಂಬಳದ ವ್ಯತ್ಯಾಸ ನಾಲ್ಕೇ ಸಾವಿರ ಅನಿಸಬಹುದು. ಆದರೆ ಆಯ್ಕೆ ಪಟ್ಟಿಯಲ್ಲಿ ಯಾರು ಮೇಲೆ ಎಂಬುದು ಆ ಸರ್ಟಿಫಿಕೇಟಿನಿಂದ ನಿರ್ಧಾರವಾಗುತ್ತದೆ.

ಕಾಯಂ ಆದರೆ ಸಹಾಯಕ ಪ್ರಾಧ್ಯಾಪಕರ ಮೂಲ ವೇತನ ಯುಜಿಸಿ ಲೆಕ್ಕದಲ್ಲಿ 57,700ರಿಂದ ಶುರು. ಡಿಎ ಬೇರೆ. ಕೇಳಲಿಕ್ಕೆ ಚೆಂದ. ಆದರೆ 2021ರಲ್ಲಿ ಕರೆದ ಹುದ್ದೆಗಳು ಇಡೀ ರಾಜ್ಯಕ್ಕೆ, ಎಲ್ಲ ವಿಷಯ ಸೇರಿ 1,242. ಅದಕ್ಕೂ ಮುಂಚಿನ ದೊಡ್ಡ ನೇಮಕಾತಿ ಆಗಿ ಎಷ್ಟೋ ವರ್ಷ ಆಗಿತ್ತು. ಇದನ್ನು ನಂಬಿಕೊಂಡು ಕೂರುವುದು ಬೇಡ. ನೆಟ್ ಪರೀಕ್ಷೆಯಲ್ಲಿ ಜೆಆರ್‌ಎಫ್ ಎಂಬ ಸಂಶೋಧನಾ ಫೆಲೋಶಿಪ್ ಸಿಕ್ಕರೆ ಪಿಎಚ್.ಡಿ. ಮಾಡುವಾಗ ತಿಂಗಳಿಗೆ 37,000 ಬರುತ್ತದೆ. 2023ರಿಂದ ಆ ಮೊತ್ತ. ಅದರ ಎರಡನೇ ಪತ್ರಿಕೆ, ಅಂದರೆ ಕನ್ನಡ ವಿಷಯದ್ದು, ಕನ್ನಡದಲ್ಲೇ ಇರುತ್ತದೆ. ಮೊದಲ ಪತ್ರಿಕೆ ಮಾತ್ರ ಇಂಗ್ಲಿಷ್, ಹಿಂದಿಯಲ್ಲಿ. ನಿಮ್ಮ ಈಗಿನ ಸಂಬಳದ ಮೂರು ಪಟ್ಟಿಗಿಂತ ಜಾಸ್ತಿ, ಓದಿದ್ದಕ್ಕೆ. ರಾಜ್ಯದ ಅರ್ಹತಾ ಪರೀಕ್ಷೆ ಕೆಸೆಟ್ ಕೂಡ ಬರೆಯಿರಿ. 2023ರಿಂದ ಅದನ್ನು ಕೆಇಎ ನಡೆಸುತ್ತಿದೆ.

ಆದರೆ ನನ್ನ ಕೇಳಿದರೆ ನಿಮಗೆ ಮೊದಲು ಬೇಕಾದದ್ದು ಬಿ.ಇಡಿ. ಎರಡು ವರ್ಷ. ಸರ್ಕಾರಿ ಹೈಸ್ಕೂಲಿಗೂ ಅದು ಬೇಕು, ಪಿಯು ಕಾಲೇಜಿಗೂ ಬೇಕು. ಖಾಸಗಿ ಶಾಲೆಗಳೂ ಕೇಳುತ್ತವೆ. ಕಾಲೇಜಿನಲ್ಲಿ ಪಾಠ ಮಾಡಿದವಳು ಹೈಸ್ಕೂಲಿಗೆ ಹೋಗುವುದೇ ಎಂಬ ಬಿಗುಮಾನ ಇದ್ದರೆ ಬಿಡಿ. ಆ ಬಿಗುಮಾನದ ಬೆಲೆ ವರ್ಷಕ್ಕೆ ಎಷ್ಟು ಲಕ್ಷ ಎಂದು ಒಮ್ಮೆ ಲೆಕ್ಕ ಹಾಕಿ.

ಎರಡು ತಿಂಗಳ ಸಂಬಳ ಕೊಡದ ಕಾಲೇಜಿನ ಬಗ್ಗೆ: ನೇಮಕದ ಪತ್ರ ಬರವಣಿಗೆಯಲ್ಲಿ ಕೇಳಿ. ಸಂಬಳ ಬ್ಯಾಂಕಿಗೇ ಹಾಕಲು ಹೇಳಿ. ಕೈಯಲ್ಲಿ ನಗದು ಪಡೆದರೆ ನಾಳೆ ಅನುಭವದ ಪತ್ರಕ್ಕೂ ಆಧಾರ ಇರುವುದಿಲ್ಲ.

ಪ್ರಶ್ನೆ: ಹೊಸದುರ್ಗ ತಾಲ್ಲೂಕು. ವಯಸ್ಸು 27. ಬಿ.ಎ. ಮುಗಿಸಿ ಧಾರವಾಡದಲ್ಲಿ ರೂಮು ಮಾಡಿಕೊಂಡು ಪರೀಕ್ಷೆಗೆ ಓದುತ್ತಿದ್ದೇನೆ. ಎಫ್‌ಡಿಎ ಇಲ್ಲವೇ ಪಿಡಿಒ ಆಗಬೇಕು. ಮನೆಯವರು ವಾಪಸ್ ಬಾ ಅನ್ನುತ್ತಿದ್ದಾರೆ. ಇನ್ನೂ ವಯಸ್ಸಿದೆ ಅಲ್ವಾ?

ಉತ್ತರ: ಕೆಪಿಎಸ್‌ಸಿಗೆ ವಯಸ್ಸಿದೆ, ನಿಜ. ಮೂಲ ನಿಯಮದಲ್ಲೇ ಸಾಮಾನ್ಯ ವರ್ಗಕ್ಕೆ 35, ಹಿಂದುಳಿದವರಿಗೆ 38, ಪರಿಶಿಷ್ಟರಿಗೆ 40. ತೊಂದರೆ ಇರುವುದೇ ಇಲ್ಲಿ. ಈ ಬಾಗಿಲು ತಡವಾಗಿ ಮುಚ್ಚುತ್ತದೆ ಎಂದು ನಮ್ಮ ಹುಡುಗರು ಆರಾಮಾಗಿ ಇರುತ್ತಾರೆ. ಅಷ್ಟರಲ್ಲಿ ಬೇರೆ ಬಾಗಿಲುಗಳು ಸದ್ದಿಲ್ಲದೆ ಮುಚ್ಚಿರುತ್ತವೆ. ಗ್ರಾಮೀಣ ಬ್ಯಾಂಕಿನ ಆಫೀಸ್ ಅಸಿಸ್ಟೆಂಟ್ ಹುದ್ದೆಗೆ ಸಾಮಾನ್ಯ ವರ್ಗಕ್ಕೆ 28ಕ್ಕೇ ಮಿತಿ. ಆಫೀಸರ್ ಸ್ಕೇಲ್ ಒಂದಕ್ಕೆ 30. ಯಾವುದೇ ಡಿಗ್ರಿ ಸಾಕು. 2019ರಿಂದ ಆ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು. ಕೆಲಸ ನಮ್ಮದೇ ಹಳ್ಳಿ-ಹೋಬಳಿಗಳಲ್ಲಿ. ನೀವು ಈ ವರ್ಷ ಅರ್ಜಿ ಹಾಕಿದ್ದೀರಾ? ಪತ್ರದಲ್ಲಿ ಅದರ ಸುಳಿವೇ ಇಲ್ಲ.

ಸಂಬಳದ ಆಸೆ ಯಾಕೆ ಎಂದು ನನಗೆ ಅರ್ಥ ಆಗುತ್ತದೆ. ಏಳನೇ ವೇತನ ಆಯೋಗದ ಶಿಫಾರಸು 2024ರ ಆಗಸ್ಟ್ 1ರಿಂದ ಜಾರಿಯಾದ ಮೇಲೆ ರಾಜ್ಯ ಸರ್ಕಾರದ ಅತಿ ಕೆಳಗಿನ ಮೂಲ ವೇತನವೇ 17,000ದಿಂದ 27,000ಕ್ಕೆ ಏರಿತು. ಎಸ್‌ಡಿಎಗೆ 34,100ರಿಂದ ಶುರು. ಇಲ್ಲಿಯ ಷೋರೂಮಿನ 12 ಸಾವಿರದ ಪಕ್ಕ ಅದನ್ನಿಟ್ಟರೆ ಯಾರಿಗೆ ಆಸೆ ಆಗುವುದಿಲ್ಲ? ಆದರೆ ಎಲ್ಲರಿಗೂ ಆ ಆಸೆ ಇದೆ. 2024ರಲ್ಲಿ 1,000 ಗ್ರಾಮ ಆಡಳಿತ ಅಧಿಕಾರಿ ಹುದ್ದೆ ಕರೆದಾಗ ಅರ್ಜಿಗಳು ಲಕ್ಷಗಟ್ಟಲೆ ಬಂದವು. ಅದಕ್ಕೆ ಪಿಯುಸಿ ಸಾಕಿತ್ತು. ಡಿಗ್ರಿಯವರೇ ಮುಗಿಬಿದ್ದರು.

ಇನ್ನೊಂದು ಲೆಕ್ಕ. ಮೂರು ವರ್ಷ ತಿಂಗಳಿಗೆ 15 ಸಾವಿರದ ಕೆಲಸ ಬಿಟ್ಟು ಕೂತರೆ 5 ಲಕ್ಷ 40 ಸಾವಿರ ಹೋಯಿತು. ರೂಮು, ಕೋಚಿಂಗ್ ಫೀಸು ಅದರ ಮೇಲೆ. ಕೋಚಿಂಗ್ ಸೆಂಟರಿನವರು ಈ ಲೆಕ್ಕ ಬೋರ್ಡಿನ ಮೇಲೆ ಬರೆಯುವುದಿಲ್ಲ.

ಧಾರವಾಡ ಬಿಡಿ. ಊರಿನ ಹತ್ತಿರ ಒಂದು ಕೆಲಸ ಹಿಡಿದು ಬೆಳಿಗ್ಗೆ-ಸಂಜೆ ಓದಿ. ಕನ್ನಡದಲ್ಲಿ ನಡೆಯುವ ಪರೀಕ್ಷೆ ಯಾವುದೇ ಇರಲಿ, ಎಸ್‌ಎಸ್‌ಸಿಯ ಎಂಟಿಎಸ್ ಕೂಡ ಇರಲಿ, ವಯಸ್ಸಿನ ಮಿತಿಯೊಳಗೆ ಇದ್ದರೆ ಬಿಡದೆ ಬರೆಯಿರಿ. ಮೂವತ್ತಕ್ಕೆ ನಿಂತು ನೋಡಿ. ಅಲ್ಲಿಯವರೆಗೆ ಆಗದಿದ್ದರೆ ಆಮೇಲೆ ಅದನ್ನು ಬದುಕಿನ ಪಕ್ಕದಲ್ಲಿಡಿ, ನಡುವೆ ಬೇಡ.

ಪ್ರಶ್ನೆ: ಚಳ್ಳಕೆರೆಯಿಂದ. ಕುದಾಪುರದಲ್ಲಿ ವಿಜ್ಞಾನ ನಗರಿ ಆಯಿತು ಅನ್ನುತ್ತಾರೆ. ನಮ್ಮ ಕಾವಲು ಹೋಯಿತು, ಕುರಿ ಮೇಯಿಸಲು ಜಾಗ ಹೋಯಿತು. ನಮ್ಮ ಹುಡುಗರು ಬಿ.ಎಸ್ಸಿ. ಓದಿದರೂ ಅಲ್ಲಿ ಒಳಗೆ ಬಿಡುವುದಿಲ್ಲ. ಯಾಕೆ?

ಉತ್ತರ: ಅಮೃತ ಮಹಲ್ ಕಾವಲಿನ ನೋವು ದೊಡ್ಡದು. ಈ ಅಂಕಣದಲ್ಲಿ ಹಿಡಿಸುವುದಿಲ್ಲ. ಕೆಲಸದ ಮಾತಿಗೆ ಉತ್ತರ ಹೇಳುತ್ತೇನೆ. ಐಐಎಸ್ಸಿಗೆ ಅಲ್ಲಿ 1,500 ಎಕರೆ ಇದೆ. ಡಿಆರ್‌ಡಿಒದ ವಿಮಾನ ಪರೀಕ್ಷಾ ಕೇಂದ್ರ 2017ರಲ್ಲಿ ಶುರುವಾಯಿತು. ಬಾರ್ಕ್ (ಭಾಭಾ ಅಣು ಸಂಶೋಧನಾ ಕೇಂದ್ರ), ಇಸ್ರೋಗಳಿಗೂ ಜಾಗ ಕೊಟ್ಟಿದ್ದಾರೆ. ಈ ಸಂಸ್ಥೆಗಳು ವಿಜ್ಞಾನಿ, ತಂತ್ರಜ್ಞರನ್ನು ಜಿಲ್ಲೆ ನೋಡಿ ತೆಗೆದುಕೊಳ್ಳುವುದಿಲ್ಲ. ಇಡೀ ದೇಶಕ್ಕೆ ಒಂದೇ ಪರೀಕ್ಷೆ. ಗೇಟಿನ ಮುಂದೆ ನಿಂತು ಕೇಳಿದರೆ ಸೆಕ್ಯುರಿಟಿ, ತೋಟದ ಕೆಲಸ ಬಿಟ್ಟು ಬೇರೇನೂ ಸಿಗುವುದಿಲ್ಲ.

ಆದರೆ ಪರೀಕ್ಷೆ ನಿಮ್ಮ ಹುಡುಗರಿಗೂ ಇದೆ. ಡಿಆರ್‌ಡಿಒದಲ್ಲಿ ಸೀನಿಯರ್ ಟೆಕ್ನಿಕಲ್ ಅಸಿಸ್ಟೆಂಟ್ ಹುದ್ದೆಗೆ ಬಿ.ಎಸ್ಸಿ. ಅಥವಾ ಡಿಪ್ಲೊಮಾ ಸಾಕು. ಮೂಲ ವೇತನ 35,400. ಐಟಿಐ ಆದವರಿಗೆ ಟೆಕ್ನಿಷಿಯನ್ ಹುದ್ದೆ ಇದೆ, 19,900ರಿಂದ. ಫಿಸಿಕ್ಸ್, ಕೆಮಿಸ್ಟ್ರಿ ಎಂ.ಎಸ್ಸಿ.ಯಲ್ಲಿ 60 ಪರ್ಸೆಂಟ್ ಇದ್ದರೆ ಬಾರ್ಕ್ ತರಬೇತಿಗೆ ಅರ್ಜಿ ಹಾಕಬಹುದು. ಒಂದು ವರ್ಷದ ತರಬೇತಿ ಮುಗಿಸಿದರೆ 56,100 ಮೂಲ ವೇತನದ ವಿಜ್ಞಾನಾಧಿಕಾರಿ. ಪ್ರಶ್ನೆಪತ್ರಿಕೆ ಇಂಗ್ಲಿಷಿನಲ್ಲಿ, ಕೆಲವು ಹಿಂದಿಯಲ್ಲೂ. ನಮ್ಮ ಹುಡುಗರು ಜಾಸ್ತಿ ಎಡವುವುದು ಇಲ್ಲೇ. ವಿಷಯ ಗೊತ್ತಿರುತ್ತದೆ, ಆ ವೇಗದಲ್ಲಿ ಇಂಗ್ಲಿಷ್ ಓದಿ ಅಭ್ಯಾಸ ಇರುವುದಿಲ್ಲ.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಕುದಾಪುರದ ಐಐಎಸ್ಸಿ ಕ್ಯಾಂಪಸ್ಸಿನಲ್ಲಿ ಪ್ರತಿಭಾ ವಿಕಸನ ಕೇಂದ್ರ ಇದೆ. ವಿಜ್ಞಾನದ ಮೇಷ್ಟ್ರುಗಳಿಗೆ ಅಲ್ಲಿ ತರಬೇತಿ ಕೊಡುತ್ತಾರೆ. ನಿಮ್ಮ ಊರಿನ ಶಾಲೆ-ಕಾಲೇಜಿನ ಮೇಷ್ಟ್ರು ಅಲ್ಲಿಗೆ ಹೋಗಿ ಬಂದಿದ್ದಾರಾ? ಅದನ್ನು ಮೊದಲು ಕೇಳಿ.

ಪ್ರಶ್ನೆ: ದಾವಣಗೆರೆ ಎಪಿಎಂಸಿಯಲ್ಲಿ ನಮ್ಮದು ಕಮಿಷನ್ ಅಂಗಡಿ. 2012ರಲ್ಲಿ ಬಿ.ಕಾಂ. ಮುಗಿಸಿ ಅಪ್ಪನ ಜೊತೆ ಕೂತೆ. ಜೊತೆಯವರು ಬೆಂಗಳೂರಿನಲ್ಲಿ ಲಕ್ಷ ಸಂಬಳ ಅನ್ನುತ್ತಾರೆ. ಅಪ್ಪ 'ಗಲ್ಲೆ ಮೇಲೆ ಕೂರೋದಕ್ಕೆ ಡಿಗ್ರಿ ಯಾಕೆ ಬೇಕಿತ್ತು' ಅನ್ನುತ್ತಾರೆ. ನನ್ನ ಡಿಗ್ರಿ ದಂಡವೇ?

ಉತ್ತರ: ನಿಮ್ಮ ಪತ್ರ ಓದಿ ಖುಷಿಯಾಯಿತು. ಯಾಕೆಂದರೆ ನೀವು ಯಾವ ಪ್ಲೇಸ್‌ಮೆಂಟ್ ಪಟ್ಟಿಯಲ್ಲೂ ಇಲ್ಲ. ಕಂಪನಿಯ ನೌಕರಿ ಪತ್ರ ಇಲ್ಲದವರನ್ನು ಕಾಲೇಜುಗಳು ಎಣಿಸುವುದಿಲ್ಲ. ನಮ್ಮ ಜಿಲ್ಲೆಯ ಡಿಗ್ರಿ ಮಕ್ಕಳಲ್ಲಿ ದೊಡ್ಡ ಪಾಲು ಇರುವುದೇ ಅಂಗಡಿ, ಮಂಡಿ, ಹೊಲ, ಮಂಡಕ್ಕಿ ಭಟ್ಟಿ, ಅಡಿಕೆ ವ್ಯಾಪಾರದಲ್ಲಿ.

ನನ್ನ ಹಳೆಯ ವಿದ್ಯಾರ್ಥಿಗಳ ಒಂದು ವಾಟ್ಸಾಪ್ ಗುಂಪಿದೆ. ಅದೂ ನಿಮ್ಮ ವರ್ಷದ ಬಿ.ಕಾಂ. ಬ್ಯಾಚೇ. ಒಬ್ಬ ಬೆಂಗಳೂರಿನಲ್ಲಿ ವಿದೇಶಿ ಕಂಪನಿಯ ಬಿಲ್ಲು ಪಾಸು ಮಾಡುವ ವಿಭಾಗದಲ್ಲಿದ್ದಾನೆ. ಶುರು ಮಾಡಿದ್ದು 9 ಸಾವಿರಕ್ಕೆ. ಈಗ ಅವನ ಕೆಳಗೇ ಹತ್ತಾರು ಜನ. ಒಬ್ಬಳು ಗ್ರಾಮೀಣ ಬ್ಯಾಂಕಿನಲ್ಲಿ. ಒಬ್ಬ ಜಿಎಸ್‌ಟಿ ಪ್ರಾಕ್ಟೀಷನರ್ ಆಗಿ ಅಂಗಡಿಗಳ ರಿಟರ್ನ್ಸ್ ಹಾಕುತ್ತಾನೆ. ಒಬ್ಬ ಚನ್ನಗಿರಿಯಲ್ಲಿ ಅಡಿಕೆ ಖೇಣಿ (ತೋಟದ ಫಸಲನ್ನು ಗುತ್ತಿಗೆಗೆ ಕೊಳ್ಳುವುದು) ಮಾಡುತ್ತಾನೆ, ಒಳ್ಳೆಯ ವರ್ಷ ಎಲ್ಲರಿಗಿಂತ ಜಾಸ್ತಿ ದುಡಿಯುತ್ತಾನೆ, ಕೆಟ್ಟ ವರ್ಷ ಫೋನ್ ಎತ್ತುವುದಿಲ್ಲ. ಹುಡುಗಿಯರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಮದುವೆಯಾಗಿ ಮನೆಯಲ್ಲಿದ್ದಾರೆ. ಕ್ಲಾಸಿಗೆ ಮೊದಲು ಬಂದವಳೂ ಅವರಲ್ಲಿದ್ದಾಳೆ. ಆ ವಿಷಯ ನನಗೆ ಇವತ್ತಿಗೂ ಚುಚ್ಚುತ್ತದೆ. ಗುಂಪಿನಲ್ಲಿ ಸಂಬಳದ ಮಾತು ತೆಗೆದರೆ ಮಾತ್ರ ಎಲ್ಲರೂ ಒಟ್ಟಿಗೆ ಗುಡ್ ಮಾರ್ನಿಂಗ್ ಫೋಟೋ ಹಾಕಲು ಶುರು ಮಾಡುತ್ತಾರೆ. ಲಕ್ಷ ಸಂಬಳ ಎಂದು ನಿಮ್ಮ ಗೆಳೆಯರು ಹೇಳುವುದನ್ನು ಅಷ್ಟಕ್ಕೇ ಬಿಡಿ. ಅದು ಸಿಟಿಸಿಯೋ, ಕೈಗೆ ಬರುವುದೋ, ಅದರಲ್ಲಿ ಫ್ಲ್ಯಾಟಿನ ಕಂತು ಎಷ್ಟೋ, ಯಾರಿಗೆ ಗೊತ್ತು?

ನೀವು ನಿಮ್ಮ ಸಂಬಳವನ್ನು ಸರಿಯಾಗಿ ಲೆಕ್ಕ ಹಾಕಿದ್ದೀರಾ? ವ್ಯಾಪಾರಸ್ಥರು ಇಲ್ಲೇ ಮೋಸ ಹೋಗುತ್ತಾರೆ. ವರ್ಷಕ್ಕೆ 5 ಲಕ್ಷ ಲಾಭ ಅನ್ನಿ. ಅಂಗಡಿಯಲ್ಲಿ ಹಾಕಿರುವ ಬಂಡವಾಳ 20 ಲಕ್ಷ. ಅದನ್ನು ಬ್ಯಾಂಕಿನಲ್ಲಿಟ್ಟಿದ್ದರೆ 7 ಪರ್ಸೆಂಟಿಗೆ 1 ಲಕ್ಷ 40 ಸಾವಿರ ಬಡ್ಡಿ ಕೂತಲ್ಲೇ ಬರುತ್ತಿತ್ತು. ಅದನ್ನು ಕಳೆಯಿರಿ. ಅಂಗಡಿ ಅಪ್ಪನದು. ಬಾಡಿಗೆಗೆ ಕೊಟ್ಟಿದ್ದರೆ ತಿಂಗಳಿಗೆ 8 ಸಾವಿರದಂತೆ ವರ್ಷಕ್ಕೆ 96 ಸಾವಿರ. ಅದನ್ನೂ ಕಳೆಯಿರಿ. ಉಳಿದದ್ದು 2 ಲಕ್ಷ 64 ಸಾವಿರ, ತಿಂಗಳಿಗೆ 22 ಸಾವಿರ. ನಿಮ್ಮ ದುಡಿಮೆಯ ನಿಜವಾದ ಸಂಬಳ ಅದು. ನಿಮ್ಮ ಅಂಕಿ ಹಾಕಿ ನೋಡಿ. ಜಾಸ್ತಿ ಬಂದರೆ ಅಪ್ಪನಿಗೆ ತೋರಿಸಿ. ಕಡಿಮೆ ಬಂದರೆ ವ್ಯಾಪಾರ ಬದಲಿಸುವ ಮಾತು ಅಪ್ಪನ ಜೊತೆ ಆಡುವ ಕಾಲ ಬಂದಿದೆ.

ಈ ಲೆಕ್ಕ ಹಾಕಲು ಬಂತಲ್ಲ, ಬಿ.ಕಾಂ. ಅದಕ್ಕೇ. ಅಪ್ಪನ ಕಾಲದಲ್ಲಿ ಚೀಟಿ ಪುಸ್ತಕ ಸಾಕಿತ್ತು. ಈಗ ಇ-ವೇ ಬಿಲ್ಲು, ಜಿಎಸ್‌ಟಿ, ಬ್ಯಾಂಕಿನ ಓವರ್‌ಡ್ರಾಫ್ಟ್ ಎಲ್ಲ ನಿಮ್ಮ ತಲೆ ಮೇಲೆ. ಇನ್‌ಕಂ ಟ್ಯಾಕ್ಸ್ ರಿಟರ್ನ್ ಪ್ರತಿ ವರ್ಷ ಹಾಕಿ. ತೆರಿಗೆ ಬರದಿದ್ದರೂ ಹಾಕಿ. ಬ್ಯಾಂಕಿನವರ ಕಣ್ಣಿಗೆ ನಿಮ್ಮ ಸಂಬಳ ಚೀಟಿ ಅದೇ.

ಪ್ರಶ್ನೆ: ಮಗಳಿಗೆ ಒಂದು ಸಂಬಂಧ ಬಂದಿದೆ. ಹುಡುಗನಿಗೆ 8 ಲಕ್ಷ ಪ್ಯಾಕೇಜ್ ಅಂತೆ. ಮಗಳು ಎಂ.ಎಸ್ಸಿ. ಓದುತ್ತಿದ್ದಾಳೆ, ಒಂದು ವರ್ಷ ಬಾಕಿ. ನಿಲ್ಲಿಸಿ ಮದುವೆ ಮಾಡಬಹುದಾ? (ಹರಿಹರ)

ಉತ್ತರ: ಬೇಡ. ಆ 8 ಲಕ್ಷ ಹುಡುಗನದು. ಮಗಳಿಗೂ ಒಂದು ಸಂಬಳ ಚೀಟಿ ಇರಲಿ. ಒಂದು ವರ್ಷ ಕಾಯದ ಹುಡುಗ ಮುಂದೆ ಅವಳನ್ನು ಕೆಲಸಕ್ಕೆ ಕಳಿಸುತ್ತಾನೆ ಎಂದು ನಿಮಗೆ ಅನಿಸುತ್ತದಾ?

ಪ್ರಶ್ನೆ: ಕೆಲಸಕ್ಕೆ ಸೇರುವಾಗ ಒರಿಜಿನಲ್ ಮಾರ್ಕ್ಸ್ ಕಾರ್ಡು ಕೊಡಿ, ಎರಡು ವರ್ಷ ನಮ್ಮ ಹತ್ತಿರ ಇರಲಿ ಅನ್ನುತ್ತಿದ್ದಾರೆ. ಕೊಡಲೇ? (ಹೊಳಲ್ಕೆರೆ)

ಉತ್ತರ: ಕೊಡಬೇಡಿ. ತೋರಿಸಿ, ಜೆರಾಕ್ಸಿಗೆ ಸಹಿ ಹಾಕಿ ಕೊಡಿ, ಒರಿಜಿನಲ್ ವಾಪಸ್ ತನ್ನಿ. ಡಿಜಿಲಾಕರ್‌ನಲ್ಲಿ ನಿಮ್ಮ ಅಂಕಪಟ್ಟಿ ಇದ್ದರೆ ಅದನ್ನೇ ಕಳಿಸಿ, ಅದಕ್ಕೂ ಕಾನೂನಿನ ಮಾನ್ಯತೆ ಇದೆ. ಒರಿಜಿನಲ್ ಇಟ್ಟುಕೊಂಡೇ ತೀರುತ್ತೇವೆ ಅಂದರೆ ಬೇರೆ ಕೆಲಸ ಹುಡುಕಿ. ನಾಳೆ ಗ್ರಾಮೀಣ ಬ್ಯಾಂಕಿನಲ್ಲಿ ದಾಖಲೆ ಪರಿಶೀಲನೆಗೆ ಕರೆದಾಗ ಅವರ ಬಾಗಿಲು ಕಾಯುತ್ತಾ ನಿಲ್ಲುವುದು ಬೇಡ.